ಚಕ್ರದವರ ಮನೆಯ ಟ್ರಂಕಿನಲ್ಲಿರುವುದು ಯಾವ ಪದಕ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲೂಕಿನ ಒಂದು ಹಳ್ಳಿ. ನಮ್ಮ ತಾತ 1971ರ ಯುದ್ಧಕ್ಕೆ ಹೋಗಿ ಬಂದವರು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು, ಅಜ್ಜಿ ಇದ್ದಾರೆ. ತಾತನಿಗೆ ವೀರ ಚಕ್ರ ಬಂದಿತ್ತು ಎಂದೇ ಊರಿನವರೆಲ್ಲ ಹೇಳುತ್ತಾರೆ. ನಮ್ಮ ಮನೆಗೆ ‘ಚಕ್ರದವರ ಮನೆ’ ಎಂದೇ ಹೆಸರು. ಈಗ ಪಂಚಾಯಿತಿಯವರು ನಮ್ಮ ಬೀದಿಗೆ ತಾತನ ಹೆಸರಿಟ್ಟು ‘ವೀರ ಚಕ್ರ ವಿಜೇತ’ ಎಂದು ಬೋರ್ಡ್ ಬರೆಸಲು ಹೊರಟಿದ್ದಾರೆ. ಟ್ರಂಕಿನಲ್ಲಿದ್ದ ಐದು ಪದಕಗಳ ಫೋಟೋ ಕಳಿಸಿದ್ದೇನೆ. ನಕ್ಷತ್ರದ ಆಕಾರದ್ದೇ ವೀರ ಚಕ್ರ ತಾನೆ? ಅಂಚಿನಲ್ಲಿ ಏನೋ ಅಕ್ಷರಗಳಿವೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ಸರಿಯಾಗಿ ಕಾಣುತ್ತವೆಯೇ?

ಉತ್ತರ: ಮೊದಲು ಉಜ್ಜುವ ವಿಚಾರ ಹೇಳಿಬಿಡುತ್ತೇನೆ, ಏಕೆಂದರೆ ಅದು ಇವತ್ತೇ ಆಗಿಹೋಗಬಹುದಾದ ಅನಾಹುತ. ದಯವಿಟ್ಟು ಹುಣಸೆಹಣ್ಣು ಮುಟ್ಟಿಸಬೇಡಿ. ಪೂಜೆಯ ಚೊಂಬು ಬೇರೆ, ಪದಕ ಬೇರೆ. ಅಂಚಿನ ಅಕ್ಷರಗಳಿಗೆ ಕೂದಲೆಳೆಯಷ್ಟು ಆಳವಿರುತ್ತದೆ. ಹುಳಿ, ಬೂದಿ, ಬೆಳ್ಳಿ ತಿಕ್ಕುವ ಪುಡಿ, ಯಾವುದು ಹಾಕಿದರೂ ಕಿಲುಬಿನ ಜೊತೆ ಅಕ್ಷರವೂ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ಮೈಸೂರಿನ ಅಶೋಕ ರಸ್ತೆಯ ಬೆಳ್ಳಿ ಅಂಗಡಿಯೊಂದರಲ್ಲಿ ಒಬ್ಬ ಹೆಣ್ಣುಮಗಳು ಪದಕವೊಂದನ್ನು ತೂಕಕ್ಕೆ ಹಾಕಿಸುತ್ತಿದ್ದುದನ್ನು ಕಣ್ಣಾರೆ ನೋಡಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೈಗೆ ತೆಗೆದುಕೊಂಡು ಅಂಚು ತಿರುಗಿಸಿದರೆ ಪೂರ್ತಿ ಬೋಳು. ಯಾರದಮ್ಮ ಎಂದು ಕೇಳಿದೆ. ‘ನಮ್ಮ ಮಾವನೋರದು, ಹಬ್ಬಹಬ್ಬಕ್ಕೂ ತೊಳೀತಿದ್ವಿ’ ಎಂದರು. ಅವರು ಯಾವ ಪಡೆಯಲ್ಲಿದ್ದರು, ಯಾವ ನಂಬರು ಎಂದು ತಿಳಿಯುವ ದಾರಿ ಆ ಅಂಚಿನ ಜೊತೆಗೇ ಅಳಿಸಿಹೋಗಿತ್ತು. ಆವತ್ತಿನ ಸಂಕಟ ನನಗೆ ಇನ್ನೂ ಹೋಗಿಲ್ಲ.

ಹಳೇ ಪಂಚೆಯ ಒಣ ತುಂಡಿನಿಂದ ಧೂಳು ಒರೆಸಿ, ಅಷ್ಟು ಸಾಕು. ರಿಬ್ಬನ್ನಿಗೆ ನೀರು ಸೋಕಿಸಬೇಡಿ. ಅಕ್ಷರ ಓದಬೇಕಾದರೆ ರಾತ್ರಿ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಅಂಚಿಗೆ ಓರೆಯಾಗಿ ಹಿಡಿದು ಪದಕವನ್ನು ನಿಧಾನವಾಗಿ ತಿರುಗಿಸಿ. ನೆರಳು ಬಿದ್ದ ಕಡೆ ಒಂದೊಂದೇ ಅಕ್ಷರ ಎದ್ದು ಬರುತ್ತದೆ.

ಈಗ ನಕ್ಷತ್ರದ ವಿಷಯ. ಅದು ವೀರ ಚಕ್ರವಲ್ಲ. ಪಶ್ಚಿಮಿ ಸ್ಟಾರ್. 1971ರಲ್ಲಿ ಪಶ್ಚಿಮದ ಗಡಿಯ ರಣರಂಗದಲ್ಲಿ ಕೆಲಸ ಮಾಡಿದವರಿಗೆ ಕೊಟ್ಟದ್ದು. ಪೂರ್ವದಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದ ಕಡೆ ಇದ್ದವರಿಗೆ ಪೂರ್ವಿ ಸ್ಟಾರ್ ಸಿಕ್ಕಿತು. ಊರಿನವರು ಮೋಸಹೋದದ್ದರಲ್ಲಿ ತಪ್ಪಿಲ್ಲ. ವೀರ ಚಕ್ರವೂ ಐದು ಮೂಲೆಯ ನಕ್ಷತ್ರವೇ. ಆದರೆ ಅದು ಬೆಳ್ಳಿಯದು. ನಡುವೆ ಚಕ್ರ, ಚಕ್ರದ ನಡುವೆ ಉಬ್ಬಿದ ಚಿನ್ನದ ಬಣ್ಣದ ಗುಬುಟು, ಅದರ ಮೇಲೆ ನಾಲ್ಕು ಸಿಂಹದ ಲಾಂಛನ. ಹಿಂಬದಿಯಲ್ಲಿ ‘ವೀರ ಚಕ್ರ’ ಎಂದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆದು ನಡುವೆ ಎರಡು ಕಮಲ ಇಟ್ಟಿರುತ್ತಾರೆ. ರಿಬ್ಬನ್ ಅರ್ಧ ಕಡುನೀಲಿ, ಅರ್ಧ ಕೇಸರಿ. ನಿಮ್ಮ ಫೋಟೋದಲ್ಲಿರುವುದು ಕಂಚಿನ ಬಣ್ಣದ್ದು, ನಡುವೆ ಚಕ್ರವಿಲ್ಲ.

ಉಳಿದವುಗಳಲ್ಲಿ ಮೂರು ನನಗೆ ಕೂಡಲೇ ಗುರುತು ಸಿಕ್ಕವು. ಸಂಗ್ರಾಮ ಪದಕ, 1971ರದು. ಸ್ವಾತಂತ್ರ್ಯದ 25ನೇ ವರ್ಷದ ಪದಕ, 1972ರಲ್ಲಿ ಸೇವೆಯಲ್ಲಿದ್ದವರಿಗೆಲ್ಲ ಬಂದದ್ದು. ಇನ್ನೊಂದು 1965ರ ರಕ್ಷಾ ಪದಕ. ನೀವು 1971 ಒಂದನ್ನೇ ಬರೆದಿದ್ದೀರಿ. ಈ ರಕ್ಷಾ ಪದಕ ನೋಡಿದರೆ 1965ರ ಯುದ್ಧದ ಹೊತ್ತಿಗೇ ತಾತ ಸಮವಸ್ತ್ರ ತೊಟ್ಟಿದ್ದರು ಎಂದಾಯಿತು. ಅಜ್ಜಿಯನ್ನು ಕೇಳಿ ನೋಡಿ, ಆ ವರ್ಷದ ನೆನಪು ಅವರಲ್ಲಿ ಇದ್ದೇ ಇರುತ್ತದೆ.

ಈ ನಾಲ್ಕೂ ‘ಅಲ್ಲಿದ್ದೆ’ ಎಂದು ಹೇಳುವ ಪದಕಗಳು. ಯುದ್ಧದ ಹೊತ್ತಿನಲ್ಲಿ ಅಲ್ಲಿ ಇರುವುದು ಸಣ್ಣ ಮಾತಲ್ಲ, ಆದರೆ ಅವು ಒಬ್ಬನು ಮಾಡಿದ ಒಂದು ಕೆಲಸಕ್ಕೆ ಕೊಟ್ಟವಲ್ಲ. ಈ ಜಾತಿಯ ಪದಕಕ್ಕೆ ನಿಮ್ಮ ನೆರೆಯ ಶ್ರೀರಂಗಪಟ್ಟಣವೇ ಹಳೆಯ ಸಾಕ್ಷಿ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ತನ್ನ ಪಡೆಗಳಿಗೆ ಹಂಚಲು ಪದಕ ಮಾಡಿಸಿತು. ಒಂದು ಮಗ್ಗುಲಲ್ಲಿ ಹುಲಿಯನ್ನು ಕೆಡವುತ್ತಿರುವ ಸಿಂಹ, ಇನ್ನೊಂದರಲ್ಲಿ ಕೋಟೆಗೆ ನುಗ್ಗುವ ದೃಶ್ಯ. ಜನರಲ್‌ಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ನೀರು ಹೊಯ್ದ ಬೆಳ್ಳಿ, ಆಮೇಲೆ ಬರೀ ಬೆಳ್ಳಿ, ಕಂಚು, ಕೊನೆಗೆ ಸಾಮಾನ್ಯ ಸಿಪಾಯಿಗೆ ತವರ. ಗೋಡೆಯ ಬಿರುಕಿಗೆ ಮೊದಲು ಹತ್ತಿದವನು ಯಾರು ಎಂಬುದು ಅದರಲ್ಲಿ ಲೆಕ್ಕಕ್ಕಿಲ್ಲ, ಹುದ್ದೆ ನೋಡಿ ಲೋಹ. ಸ್ವತಂತ್ರ ಭಾರತದ ಶೌರ್ಯ ಪದಕಗಳಲ್ಲಿ ಆ ಭೇದವಿಲ್ಲ. ಜವಾನನಿಗೂ ಜನರಲ್‌ಗೂ ಒಂದೇ ಪದಕ. ಎಲ್ಲಕ್ಕಿಂತ ದೊಡ್ಡದಾದ ಪರಮ ವೀರ ಚಕ್ರವಂತೂ ಸಾದಾ ಕಂಚಿನದು, ನೇರಳೆ ಬಣ್ಣದ ಒಂದೇ ರಿಬ್ಬನ್, ಮೇಲೆ ಇಂದ್ರನ ನಾಲ್ಕು ವಜ್ರಾಯುಧ. ಅದನ್ನು ರೂಪಿಸಿದವರು ಸ್ವಿಸ್ ಮೂಲದಿಂದ ಬಂದು ಇಲ್ಲಿಯವರೇ ಆಗಿಹೋದ ಸಾವಿತ್ರಿ ಖಾನೋಲ್ಕರ್. ಪರಮ ವೀರ, ಮಹಾ ವೀರ, ವೀರ, ಈ ಮೂರು ಚಕ್ರಗಳನ್ನು 1950ರ ಜನವರಿ 26ರಂದು ಸ್ಥಾಪಿಸಿ, 1947ರ ಆಗಸ್ಟ್ 15ರಿಂದಲೇ ಅನ್ವಯಿಸಿದರು. ಪರಮ ವೀರ ಚಕ್ರ ಇದುವರೆಗೆ ಬಂದಿರುವುದು 21 ಜನರಿಗೆ. ಅವರಲ್ಲಿ 14 ಜನ ಅದನ್ನು ನೋಡಲು ಉಳಿಯಲಿಲ್ಲ.

ಇನ್ನು ಐದನೆಯದು. ಫೋಟೋದ ಮೂಲೆಯಲ್ಲಿ, ಉಳಿದ ನಾಲ್ಕರಿಂದ ದೂರಕ್ಕೆ ಸರಿಸಿ ಇಟ್ಟಿದ್ದೀರಿ. ‘ಇದು ಸಾದಾ, ಗುಂಡಗಿದೆ’ ಎಂದು ಬೇರೆ ಬರೆದಿದ್ದೀರಿ. ನಾನು ಫೋಟೋವನ್ನು ನಾಲ್ಕೈದು ಸಲ ದೊಡ್ಡದು ಮಾಡಿ ನೋಡಿದೆ. ಬೆಳ್ಳಿಯ ಬಿಲ್ಲೆ. ನಡುವೆ ತುದಿ ಮೇಲಾಗಿ ನಿಂತ ಬಯೋನೆಟ್, ಅಂದರೆ ಬಂದೂಕಿನ ಮೂತಿಗೆ ಸಿಕ್ಕಿಸುವ ಚೂರಿ. ಮಾಸಿದ ಕೆಂಪು ರಿಬ್ಬನ್, ಅದರ ಸರಿಮಧ್ಯೆ ದಾರದಂಥ ಬಿಳಿ ಗೆರೆ. ತಾಯಿ, ಅದು ಸೇನಾ ಪದಕ. 1960ರ ಜೂನ್ 17ರಂದು ಹುಟ್ಟಿದ್ದು. ಎಲ್ಲರಿಗೂ ಹಂಚುವುದಲ್ಲ, ಒಬ್ಬ ಸೈನಿಕ ಮಾಡಿದ ಒಂದು ಕೆಲಸಕ್ಕೆ, ಅವನ ಧೈರ್ಯಕ್ಕೆ ಅಥವಾ ಅಸಾಧಾರಣ ಕರ್ತವ್ಯನಿಷ್ಠೆಗೆ, ಅವನ ಹೆಸರು ಹಿಡಿದು ಕೊಡುವುದು. ನಿಮ್ಮ ಮನೆಯವರು ಇಷ್ಟು ವರ್ಷ ನಕ್ಷತ್ರವನ್ನು ಮೇಲಿಟ್ಟು ಇದನ್ನು ಟ್ರಂಕಿನ ತಳಕ್ಕೆ ಹಾಕಿದ್ದೀರಿ. ನಿಮ್ಮ ಊರಿನ ಮಾತು ಹೆಸರಿನಲ್ಲಿ ತಪ್ಪಿದೆ, ವಿಷಯದಲ್ಲಿ ತಪ್ಪಿಲ್ಲ. ತಾತ ಏನೋ ಮಾಡಿದ್ದಾರೆ, ಅದನ್ನು ಯಾರೋ ನೋಡಿ ಬರೆದಿದ್ದಾರೆ.

ಈ ‘ಯಾರೋ ನೋಡಿ ಬರೆದಿದ್ದಾರೆ’ ಎಂಬುದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಸೈನ್ಯದಲ್ಲಿ ನನ್ನ ಕೆಲಸವೇ ಅದಾಗಿತ್ತು. ನಾನು ಹವಾಲ್ದಾರ್ ಕ್ಲರ್ಕ್ ಆಗಿದ್ದವನು. ಪದಕಕ್ಕೆ ಹೆಸರು ಶಿಫಾರಸು ಮಾಡುವ ಕಾಗದ ಟೈಪ್ ಮಾಡುವವರು ನಾವು, ಕಾರ್ಬನ್ ಹಾಳೆ ಇಟ್ಟು ಆರಾರು ಪ್ರತಿ. ಮೊದಲ ಸಲ ನಾನು ‘ಅಪ್ರತಿಮ ಧೈರ್ಯಶಾಲಿಯಾದ ಈತನು’ ಎಂಬ ಅರ್ಥದ ಇಂಗ್ಲಿಷಿನಲ್ಲಿ ಶುರುಮಾಡಿದ್ದೆ. ನಮ್ಮ ಸಾಹೇಬರು ಕೆಂಪು ಪೆನ್ಸಿಲಿನಲ್ಲಿ ಆ ಸಾಲನ್ನೇ ಹೊಡೆದುಹಾಕಿ, ‘ಹೊಗಳಿಕೆ ಬೇಡ. ಎಷ್ಟು ಗಂಟೆಗೆ, ಎಲ್ಲಿ, ಎಷ್ಟು ಗಜ ದೂರದಲ್ಲಿ, ಏನು ಮಾಡಿದ, ಯಾರು ಕಂಡರು, ಇಷ್ಟೇ ಬರಿ’ ಎಂದರು. ಕಣ್ಣಾರೆ ಕಂಡವರ ಹೇಳಿಕೆ ಜೊತೆಗಿರಬೇಕು. ಆ ಕಾಗದ ಪಡೆಯಿಂದ ಬ್ರಿಗೇಡಿಗೆ, ಅಲ್ಲಿಂದ ಡಿವಿಜನ್, ಕೋರ್, ಕಮಾಂಡ್, ಕೊನೆಗೆ ದೆಹಲಿ ಮುಟ್ಟುತ್ತದೆ. ಪ್ರತಿ ಮೆಟ್ಟಿಲಲ್ಲೂ ಒಬ್ಬರು ಓದಿ, ಇದು ಚಕ್ರಕ್ಕೆ ತಕ್ಕದ್ದೇ, ಸೇನಾ ಪದಕಕ್ಕೇ, ಅಥವಾ ಬೇಡವೇ ಎಂದು ಅಭಿಪ್ರಾಯ ಬರೆಯುತ್ತಾರೆ.

ದಾರಿಯಲ್ಲಿ ಬಿದ್ದುಹೋಗುವುದೂ ಉಂಟು. ಕಾಶ್ಮೀರದ ಒಂದು ಚಳಿಗಾಲದಲ್ಲಿ ನಮ್ಮ ಜೊತೆಯ ಹುಡುಗನೊಬ್ಬ ಗಾಯಾಳುವನ್ನು ಬೆನ್ನ ಮೇಲೆ ಹೊತ್ತು ಗುಂಡು ಬೀಳುತ್ತಿದ್ದ ಇಳಿಜಾರು ಇಳಿಸಿದ. ಕಂಡಿದ್ದ ಅಧಿಕಾರಿಗೆ ಅದೇ ವಾರ ವರ್ಗವಾಯಿತು, ಎರಡನೇ ಸಾಕ್ಷಿ ಆ ಗಾಯಾಳುವೇ, ಅವನು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಕಾಗದ ‘ಸಾಕ್ಷಿ ಸಾಲದು’ ಎಂದು ವಾಪಸು ಬಂತು. ಆ ಹುಡುಗ ಈಗ ಊರಲ್ಲಿ ಕಬ್ಬು ಬೆಳೆಯುತ್ತಾನೆ. ಅವನ ಎದೆಯ ಮೇಲೆ ಬರೀ ‘ಅಲ್ಲಿದ್ದೆ’ ಎನ್ನುವ ಪದಕಗಳು. ಆ ಟೈಪ್ ಹಾಳೆಯ ಒಂದೊಂದು ಸಾಲೂ ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ.

ನಮ್ಮ ಪಕ್ಕದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕಥೆಯೂ ಇದೇ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಅವರು ಕಾಯ್ದಿರಿಸಿದ ಪೈಲಟ್ ಆಗಿ ಹೊರಟವರು. ಹಿಂತಿರುಗುವಾಗ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಯುದ್ಧವಿಮಾನ ಬೆನ್ನು ಹತ್ತಿತು. ತಮ್ಮ ಹಳೆಯ ಮಿಸ್ಟಿಯರ್ ವಿಮಾನಕ್ಕೆ ಏಟು ಬಿದ್ದ ಮೇಲೂ ಅವರು ತಿರುಗಿ ನಿಂತು ಕಾದಾಡಿ, ತಮಗಿಂತ ಎಷ್ಟೋ ವೇಗದ ಆ ವಿಮಾನವನ್ನು ಕೆಡವಿದರು, ತಾವೂ ಮರಳಲಿಲ್ಲ. ಶತ್ರುವಿನ ನೆಲದ ಮೇಲೆ ಒಂಟಿಯಾಗಿ ನಡೆದ ಕಾಳಗ. ನಮ್ಮ ಕಡೆಯವರು ಯಾರೂ ಕಾಣಲಿಲ್ಲ. ಎದುರಾಳಿಗಳ ಕಡೆಯಿಂದ ವಿವರ ಹೊರಬಂದ ಮೇಲೆಯೇ ಸತ್ಯ ತಿಳಿದದ್ದು. ಮಹಾ ವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ನಂತರ. ಮಡಿಕೇರಿಯಲ್ಲಿ ಅವರ ಪ್ರತಿಮೆಯ ಮುಂದೆ ಬಸ್ಸು ಇಳಿದಾಗಲೆಲ್ಲ ನನಗೆ ಆ 23 ವರ್ಷಗಳೇ ಕಣ್ಣಮುಂದೆ ಬರುತ್ತವೆ.

ಬರೆದಿಡುವ ಈ ಪದ್ಧತಿ ನಮಗೆ ಹೊರಗಿನಿಂದ ಬಂದದ್ದೂ ಅಲ್ಲ. ನಿಮ್ಮದೇ ಜಿಲ್ಲೆ, ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದದ್ದನ್ನೂ, ಬೂತುಗನ ಆಳು ಮಣಲೆರ ಅಲ್ಲಿ ತೋರಿದ ಶೌರ್ಯವನ್ನೂ ಆ ಕಲ್ಲು ಹೇಳುತ್ತದೆ. ಮೆಚ್ಚಿದೆ, ಬೇಕಾದ್ದು ಕೇಳು ಎಂದು ಒಡೆಯ ಹೇಳಿದಾಗ ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಆ ಕಾಳಿ ದೊಡ್ಡ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೇ ಈ ಕಲ್ಲು. ಮಣಲೆರನಿಗೆ ಭೂಮಿಯನ್ನೂ ಬಾಳ್ಗಚ್ಚಾಗಿ ಕೊಟ್ಟರು. ಬಾಳು ಅಂದರೆ ಕತ್ತಿ, ಕತ್ತಿ ತೊಳೆದು ವೀರನಿಗೆ ಕೊಡುವ ದತ್ತಿ ಅದು. ಸತ್ತ ವೀರನ ಮನೆಯವರಿಗೆ ಕೊಡುವುದಕ್ಕೆ ನೆತ್ತರುಗೊಡಗೆ ಎಂಬ ಬೇರೆಯೇ ಹೆಸರಿತ್ತು. ಯಾರು, ಎಲ್ಲಿ, ಏನು ಮಾಡಿದ ಎಂದು ಕಲ್ಲಿನಲ್ಲಿ ಕೊರೆದಿಟ್ಟದ್ದರಿಂದ ಸಾವಿರ ವರ್ಷದ ಮೇಲೂ ನಾವು ಆ ನಾಯಿಯ ಹೆಸರು ಹೇಳುತ್ತಿದ್ದೇವೆ.

ತಾತನ ಕೆಲಸ ಏನಿದ್ದೀತು? ನೀವು ಕಳಿಸಿದ ಅಂಚಿನ ಚಿತ್ರದಲ್ಲಿ ನಂಬರಿನ ಆಚೆ ಎಸ್, ಪಿ, ಆರ್ ಎಂಬ ಮೂರು ಇಂಗ್ಲಿಷ್ ಅಕ್ಷರ ಓದಲು ಬರುತ್ತವೆ. ಅದು ಸ್ಯಾಪರ್ ಎಂಬುದರ ಸಂಕ್ಷೇಪ, ಎಂಜಿನಿಯರ್ ಪಡೆಯ ಜವಾನ. ನಮ್ಮ ಕಡೆಯಿಂದ ಸ್ಯಾಪರ್ ಆದವರು ಸಾಮಾನ್ಯವಾಗಿ ಬೆಂಗಳೂರಿನ ಎಂ.ಇ.ಜಿ.ಗೆ, ಅಂದರೆ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿದವರು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲಬಾಂಬು ತೆಗೆಯುವುದು ಅವರ ಪಾಲಿನ ಯುದ್ಧ. ನೆಲಬಾಂಬು ತೆಗೆಯುವವನು ರಾತ್ರಿ ಹೊಟ್ಟೆಯ ಮೇಲೆ ಮಲಗಿ, ಬಯೋನೆಟ್ಟನ್ನು ಓರೆಯಾಗಿ ಅಂಗುಲ ಅಂಗುಲಕ್ಕೂ ಮಣ್ಣಿಗೆ ಚುಚ್ಚುತ್ತಾ ಹೋಗಬೇಕು. ನೆಟ್ಟಗೆ ಚುಚ್ಚಿದರೆ ಬಾಂಬಿನ ನೆತ್ತಿಗೆ ಒತ್ತಿ ಸಿಡಿಯುತ್ತದೆ, ಓರೆಯಾದರೆ ಪಕ್ಕೆಗೆ ತಾಗುತ್ತದೆ. ಆಮೇಲೆ ಬೆರಳಿನಿಂದ ಮಣ್ಣು ಬಿಡಿಸಬೇಕು. ಮೇಲೆ ಗುಂಡು ಹಾರುತ್ತಿದ್ದರೂ ತಿರುಗಿ ಹೊಡೆಯಲು ಅವನ ಕೈ ಖಾಲಿ ಇರುವುದಿಲ್ಲ. ಸೇನಾ ಪದಕದ ಮೇಲಿನ ಆ ಬಯೋನೆಟ್ ನೋಡಿದಾಗ ನನಗೆ ಸ್ಯಾಪರನ ಕೈಯೇ ನೆನಪಾಗುತ್ತದೆ.

1971ರ ಡಿಸೆಂಬರಿನಲ್ಲಿ ಪಶ್ಚಿಮದ ಶಕರಗಢ ಭಾಗದಲ್ಲಿ, ಬಸಂತರ್ ನದಿಯ ದಾರಿಯಲ್ಲಿ, ಇಂಥ ಬಾಂಬಿನ ಹೊಲಗಳನ್ನು ಸೀಳಿದವರು ಮದ್ರಾಸ್ ಸ್ಯಾಪರ್ಸ್‌ನ 9 ಎಂಜಿನಿಯರ್ ರೆಜಿಮೆಂಟಿನವರು. ಅವರ ಮೇಜರ್ ವಿಜಯ್ ರತ್ತನ್ ಚೌಧರಿ ಅಲ್ಲೇ ಬಿದ್ದರು, ಮರಣೋತ್ತರ ಮಹಾ ವೀರ ಚಕ್ರ ಬಂತು. ದಾರಿ ಪೂರ್ತಿ ತೆರವಾಗುವ ಮೊದಲೇ ದಾಟಿಹೋದ ಪೂನಾ ಹಾರ್ಸ್ ಎಂಬ ಪಡೆಯ ಟ್ಯಾಂಕುಗಳಲ್ಲಿ 21 ವರ್ಷದ ಅರುಣ್ ಖೇತರ್ಪಾಲ್ ಇದ್ದರು. ಪರಮ ವೀರ ಚಕ್ರದವರು. ನಿಮ್ಮ ತಾತ ಅಲ್ಲಿದ್ದರು ಎಂದು ನಾನು ಹೇಳುತ್ತಿಲ್ಲ. ಪಶ್ಚಿಮಿ ಸ್ಟಾರ್, ಸ್ಯಾಪರ್, ಸೇನಾ ಪದಕ, ಈ ಮೂರೂ ಒಂದೇ ಟ್ರಂಕಿನಲ್ಲಿದ್ದರೆ ದಾಖಲೆ ತೆಗೆಸಿ ನೋಡಲೇಬೇಕು ಎಂದು ಹೇಳುತ್ತಿದ್ದೇನೆ. ಕನ್ನಡ ನಾಡಿನ ಪರಮ ವೀರ ಚಕ್ರವೂ ಒಬ್ಬ ಸ್ಯಾಪರ್ ಅಧಿಕಾರಿಯದೇ. ಕಾರವಾರದ ಚೆಂಡಿಯಾದಲ್ಲಿ ಹುಟ್ಟಿದ ರಾಮ ರಾಘೋಬ ರಾಣೆ, 1948ರ ಏಪ್ರಿಲ್ 8ರಿಂದ 11ರವರೆಗೆ ನೌಶೇರಾ ರಜೌರಿ ರಸ್ತೆಯಲ್ಲಿ ಬಾಂಬು, ಮರದ ಅಡ್ಡಗಟ್ಟೆ ತೆಗೆಯುತ್ತಾ ಸಾಗಿದರು. ಒಂದು ಹಂತದಲ್ಲಿ ಚಲಿಸುವ ಟ್ಯಾಂಕಿನ ಹೊಟ್ಟೆಯಡಿ ತೆವಳುತ್ತಾ, ಹಗ್ಗ ಜಗ್ಗಿ ಚಾಲಕನಿಗೆ ಸನ್ನೆ ಕೊಟ್ಟುಕೊಂಡು ಮುಂದೆ ಹೋದರು. ಅವರು ಬದುಕಿ ಬಂದು ಪದಕ ತೊಟ್ಟರು.

ಕೆಲವರು ಕೇಳುತ್ತಾರೆ, ಉರಿಯಲ್ಲಿ 2007ರಲ್ಲಿ ಉಗ್ರರ ಜೊತೆ ಕಾದಾಡಿ ಮಡಿದ ಬೆಂಗಳೂರಿನ ಕರ್ನಲ್ ವಸಂತ್ ಅವರಿಗೆ ಪರಮ ವೀರ ಚಕ್ರ ಏಕೆ ಬರಲಿಲ್ಲ ಎಂದು. ಅವರಿಗೆ ಬಂದದ್ದು ಅಶೋಕ ಚಕ್ರ. ಶತ್ರು ಸೇನೆಯ ಎದುರು ತೋರಿದ ಶೌರ್ಯಕ್ಕೆ ವೀರ ಚಕ್ರಗಳ ಸಾಲು, ಅದರ ಹೊರಗಿನದಕ್ಕೆ ಅಶೋಕ, ಕೀರ್ತಿ, ಶೌರ್ಯ ಚಕ್ರಗಳ ಸಾಲು. ಸಾಲು ಬೇರೆ, ಕಡಿಮೆಯಲ್ಲ.

ಈಗ ಮಾಡಬೇಕಾದ ಕೆಲಸ. ತಾತನ ಡಿಸ್ಚಾರ್ಜ್ ಬುಕ್ ಹುಡುಕಿ, ಅದರಲ್ಲಿ ಪದಕಗಳ ಪಟ್ಟಿ ಇರುತ್ತದೆ. ಅಜ್ಜಿಯ ಪಿ.ಪಿ.ಓ., ಅಂದರೆ ಪಿಂಚಣಿ ಪಾವತಿ ಆದೇಶದ ಪ್ರತಿಯೂ ಬೇಕು. ಎರಡನ್ನೂ ತೆಗೆದುಕೊಂಡು ಮೈಸೂರಿನ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ, ಅವರ ಮೂಲಕ ಬೆಂಗಳೂರಿನ ಎಂ.ಇ.ಜಿ. ರೆಕಾರ್ಡ್ಸ್‌ಗೆ, ಅಂದರೆ ಅವರ ದಾಖಲೆ ಕಚೇರಿಗೆ, ಪತ್ರ ಬರೆಯಿರಿ. ಸೇನಾ ಪದಕ ಬಂದ ವರ್ಷ, ರಾಜಪತ್ರದ ಅಧಿಸೂಚನೆ, ಅದಕ್ಕೆ ಬರೆದ ವಿವರಣೆ ಈ ಮೂರನ್ನೂ ಕೇಳಿ. ಹೆಸರಿಗಿಂತ ಸೇವಾ ನಂಬರನ್ನು ದಪ್ಪಕ್ಷರದಲ್ಲಿ ಬರೆಯಿರಿ. ಮಂಡ್ಯದಲ್ಲಿ ಒಂದೇ ಹೆಸರಿನ ಗೌಡರು ಊರಿಗೆ ಹತ್ತು ಜನ. ಕಾರ್ಗಿಲ್ ಯುದ್ಧದ ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಅವರ ಪರಮ ವೀರ ಚಕ್ರವನ್ನೇ ಮೊದಲು ಮರಣೋತ್ತರ ಎಂದು ಪ್ರಕಟಿಸಿಬಿಟ್ಟಿದ್ದರು. ತೀರಿಕೊಂಡಿದ್ದವರು ಅದೇ ಹೆಸರಿನ ಇನ್ನೊಬ್ಬ ಸೈನಿಕ, ಇವರು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು.

ವಿವರಣೆ ಬೇಕಾದದ್ದು ಬರೀ ನೆನಪಿಗಲ್ಲ. ಸೇನಾ ಪದಕ ಶೌರ್ಯಕ್ಕೂ ಬರುತ್ತದೆ, ವಿಶಿಷ್ಟ ಸೇವೆಗೂ ಬರುತ್ತದೆ. ಮಾಸಿಕ ಗೌರವಧನ ಇರುವುದು ಶೌರ್ಯದ್ದಕ್ಕೆ ಮಾತ್ರ. 2017ರ ಆಗಸ್ಟ್ 1ರಿಂದ ಅದನ್ನು ತಿಂಗಳಿಗೆ 2,000 ರೂಪಾಯಿ ಮಾಡಿದರು. ವೀರ ಚಕ್ರಕ್ಕೆ 7,000, ಮಹಾ ವೀರ ಚಕ್ರಕ್ಕೆ 10,000, ಪರಮ ವೀರ ಚಕ್ರಕ್ಕೆ 20,000. ಪದಕ ಪಡೆದವರು ತೀರಿಕೊಂಡರೆ ಅದು ಪತ್ನಿಗೆ ಸಲ್ಲುತ್ತದೆ. ಅಜ್ಜಿಯ ಪಾಸ್‌ಬುಕ್ ತೆಗೆದು ನೋಡಿ, ಈ ಹಣ ಬರುತ್ತಿದೆಯೇ ಎಂದು. ಬರುತ್ತಿಲ್ಲವಾದರೆ, ವಿವರಣೆಯಲ್ಲಿ ಶೌರ್ಯ ಎಂದಿದ್ದರೆ, ಅದು ಅವರ ಹಕ್ಕು. ಸಂಕೋಚ ಪಡದೆ ಅರ್ಜಿ ಹಾಕಿ.

ಪಂಚಾಯಿತಿಯವರಿಗೆ ‘ವೀರ ಚಕ್ರ’ ಎಂದು ಬರೆಯಬೇಡಿ ಎಂದು ನೀವೇ ಹೇಳಿ. ಯಾರಾದರೂ ಆಮೇಲೆ ಬಂದು ಸುಳ್ಳು ಎಂದರೆ, ನಿಜವಾಗಿ ಬಂದ ಪದಕದ ಮೇಲೂ ಸಂಶಯ ಬೀಳುತ್ತದೆ. ತಾತನ ಹೆಸರು, ‘ಸ್ಯಾಪರ್, ಸೇನಾ ಪದಕ ಪುರಸ್ಕೃತರು’, ಕೆಳಗೆ ರೆಕಾರ್ಡ್ಸ್‌ನಿಂದ ಬರುವ ವರ್ಷ. ಅಷ್ಟು ಬರೆಸಿ. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು, ಬೋರ್ಡ್ ಅಲ್ಲಿಯವರೆಗೆ ಕಾಯಲಿ.

ಬರುವ ವಿವರಣೆ ಒಂದು ಪ್ಯಾರಾ ಇದ್ದೀತು, ಇಂಗ್ಲಿಷಿನಲ್ಲಿ, ಹೊಗಳಿಕೆ ಕಡಿಮೆ, ಗಂಟೆ ಗಜದ ಲೆಕ್ಕ ಹೆಚ್ಚು. ಅದನ್ನು ನನಗೆ ಕಳಿಸಿಕೊಡಿ. ಅಜ್ಜಿಗೆ ಓದಿ ಹೇಳಲು ಬರುವ ಹಾಗೆ ಕನ್ನಡ ಮಾಡಿಕೊಡುತ್ತೇನೆ.